ಒಲೆಯ ಹೊಗೆಕೊಳವೆಯ ಜೋಪಾನ



ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಹಳ್ಳಿಗಳಿಗೆ ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ಕೊಟ್ಟಿತು. ಆದರೆ ಒಲೆ ಕಟ್ಟಿಸಿದ ಮಾತ್ರಕ್ಕೆ ಹೊಗೆಯ ಕಾಟ ತಪ್ಪದು. ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ಮನೆಯೊಳಕ್ಕೇ ತಿರುಗುತ್ತದೆ.

ತಿಂಗಳಿಗೊಮ್ಮೆ, ಒಲೆ ಪೂರಾ ಆರಿರುವಾಗ, ಬಿದಿರು ಗಳುವಿನ ತುದಿಗೆ ಗೋಣಿತಟ್ಟು ಸುತ್ತಿ ಕೊಳವೆಯನ್ನು ಉಜ್ಜಿರಿ. ಬುಡಕ್ಕೆ ಬಿದ್ದ ಮಸಿಯನ್ನು ತೆಗೆಯಿರಿ. ಮಸಿಗೂ ಬೆಂಕಿ ಹತ್ತುತ್ತದೆ. ಹುಲ್ಲುಮಾಡಿನ ಮನೆಗೆ ಅದು ಬಹಳ ಅಪಾಯ. ದಿನವೂ ಜಾಲರಿಯ ಕೆಳಗಿನ ಬೂದಿ ತೆಗೆದರೆ ಗಾಳಿಯಾಡಿ ಉರಿ ಚೆನ್ನಾಗಿ ಬರುತ್ತದೆ. ಹಸಿ ಸೌದೆಯಿಂದ ಹೊಗೆಯೂ ಮಸಿಯೂ ಹೆಚ್ಚು. ಸೌದೆಯನ್ನು ಸೀಳಿ, ಒಣಗಿಸಿ, ಸ್ವಲ್ಪ ಸ್ವಲ್ಪವಾಗಿ ಹಾಕಿರಿ.

ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಮಲಗಬೇಡಿ. ಕೆಂಡದಿಂದ ಏಳುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೆಯೇ ಹೋಗಬಹುದು.

ಒಲೆಯ ಮುಂದೆ ಕೂರುವವರು ತಾಯಂದಿರು, ಅವರ ಮಗ್ಗುಲಲ್ಲಿ ಎಳೆಯ ಮಕ್ಕಳು. ಹೊಗೆ ಕುಡಿಯುವವರೂ ಅವರೇ. ಆದ್ದರಿಂದ ಕೊಳವೆ ಉಜ್ಜುವ ಕೆಲಸವನ್ನು ಗಂಡಸರು ವಹಿಸಿಕೊಳ್ಳಲಿ. ಎತ್ತಿನ ಮೈ ತೊಳೆದು, ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವ ಕೈಗಳಿಗೆ ಇದೇನು ದೊಡ್ಡ ಕೆಲಸವಲ್ಲ.