ಕಲಿಸಿ ಹೋದವರ ಹೆಸರು ಅಳಿಯಬಾರದು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)





ಓದಿನ ಬಗ್ಗೆ ನಾಲ್ಕು ಮಾತಾಡಿ ಅಂತ ಹುಡುಗರು ಕೇಳಿದರು. ಓದಿ, ಓದಿ ಅಂತ ಹೇಳೋರು ಬೇಕಾದಷ್ಟು ಜನ ಇದ್ದಾರೆ. ನಾನು ಬೇರೆ ಒಂದು ಮಾತು ಹೇಳ್ತೀನಿ. ಓದಿದವರು, ಓದಿಸಿದವರು ತೀರಿಕೊಂಡ ಮೇಲೆ ನಾವು ಅವರನ್ನು ಹೇಗೆ ಇಟ್ಟುಕೊಳ್ಳಬೇಕು? ಇದೇ ಇವತ್ತಿನ ನನ್ನ ವಿಷಯ.

ಏಪ್ರಿಲ್ 14 ಅಂದರೆ ಚಿಕ್ಕ ಮಕ್ಕಳಿಗೂ ಗೊತ್ತು, ಬಾಬಾಸಾಹೇಬರ ಜಯಂತಿ. ಅದಾದ ಎರಡೇ ದಿನಕ್ಕೆ ಏಪ್ರಿಲ್ 16 ಬರುತ್ತದೆ. ಆ ದಿನವನ್ನೂ ನಾವು ನೆನಪಿಡಬೇಕು. ಯಾಕೆ ಅಂದರೆ, ಆ ದಿನ ತೀರಿಕೊಂಡ ಒಬ್ಬ ಮೇಷ್ಟ್ರು ನಮ್ಮ ಈರೋಡು ಜಿಲ್ಲೆಯವರು. ತಾಳವಾಡಿಯಿಂದ ದಿಂಬಂ ಘಾಟಿ ಇಳಿದು, ಬಣ್ಣಾರಿ, ಸತ್ಯಮಂಗಲ ದಾಟಿದರೆ ಗೋಬಿಚೆಟ್ಟಿಪಾಳ್ಯ ಸಿಗುತ್ತದಲ್ಲ, ಆ ಗೋಬಿ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದವರು. ಪ್ರೊಫೆಸರ್ ಜಿ. ವಿ. ಲೋಗನಾಥನ್. ಕೊಯಮತ್ತೂರಿನ ಪಿ.ಎಸ್.ಜಿ. ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದರು. ಆಮೇಲೆ ಕಾನ್ಪುರದ ಐಐಟಿ, ಆಮೇಲೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ. ಮುಂದೆ ಅಲ್ಲೇ ವರ್ಜೀನಿಯಾ ಟೆಕ್ ಎಂಬ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೈದು ವರ್ಷ ಪಾಠ ಹೇಳಿದರು. ಒಳ್ಳೆ ಮೇಷ್ಟ್ರು ಅಂತ ಪ್ರಶಸ್ತಿಗಳನ್ನೂ ಪಡೆದರು.

ಅವರ ವಿದ್ಯೆ ಯಾವುದು ಗೊತ್ತಾ? ನೀರಿನ ವಿದ್ಯೆ. ಮಳೆ ಎಷ್ಟು ಬಿತ್ತು, ಅದರಲ್ಲಿ ನೆಲಕ್ಕೆ ಎಷ್ಟು ಇಂಗಿತು, ಹಳ್ಳಕ್ಕೆ ಎಷ್ಟು ಹರಿಯಿತು, ಇದನ್ನು ಲೆಕ್ಕ ಹಾಕುವ ವಿದ್ಯೆ. ಬೋರ್ ಮೇಲೆ ಬೋರ್ ಕೊರೆಸಿ ಸಾಲದಲ್ಲಿ ಬಿದ್ದಿರುವ ನಮ್ಮ ಕಡೆಯವರಿಗೆ ಈ ಲೆಕ್ಕ ಎಷ್ಟು ಬೇಕು ಅಂತ ನಾನು ಹೇಳಬೇಕಾಗಿಲ್ಲ. ಕೆರೆ ನೀರು ಮುಟ್ಟುವ ಹಕ್ಕಿಗಾಗಿ 1927ರಲ್ಲಿ ಮಹಾಡ್‌ನಲ್ಲಿ ಸತ್ಯಾಗ್ರಹ ಮಾಡಿದವರ ವಾರಸುದಾರರು ನಾವು. ನೀರಿನ ಹಕ್ಕೂ ನಮ್ಮದು, ನೀರಿನ ವಿದ್ಯೆಯೂ ನಮ್ಮದಾಗಬೇಕು.

2007ರ ಏಪ್ರಿಲ್ 16, ಸೋಮವಾರ ಬೆಳಗ್ಗೆ. ನಾರಿಸ್ ಹಾಲ್ ಅಂತ ಅಲ್ಲಿ ಎಂಜಿನಿಯರಿಂಗ್ ಕಟ್ಟಡ. ಲೋಗನಾಥನ್ ಮೇಷ್ಟ್ರು ತಮ್ಮ ಕ್ಲಾಸಿನಲ್ಲಿ ನೀರಿನ ಪಾಠ ಹೇಳ್ತಾ ಇದ್ದರು. ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಬಂದೂಕು ಹಿಡಿದು ನುಗ್ಗಿದ. ಆ ದಿನ ಅವನ ಗುಂಡಿಗೆ ಸತ್ತವರು 32 ಜನ. ಅದರಲ್ಲಿ 27 ವಿದ್ಯಾರ್ಥಿಗಳು, 5 ಜನ ಅಧ್ಯಾಪಕರು. ಐವರಲ್ಲಿ ಮೂವರು ಎಂಜಿನಿಯರಿಂಗ್ ಪ್ರೊಫೆಸರ್‌ಗಳು.

ಇನ್ನಿಬ್ಬರು ಎಂಜಿನಿಯರಿಂಗ್ ಮೇಷ್ಟ್ರುಗಳ ಕಥೆಯನ್ನೂ ಕೇಳಿ. ಲಿವಿಯು ಲಿಬ್ರೆಸ್ಕು, ರುಮೇನಿಯಾ ದೇಶದ ಯಹೂದಿ. ಹಿಟ್ಲರನ ಕಾಲದ ಯಹೂದಿಗಳ ಕಗ್ಗೊಲೆಯಿಂದ ಬದುಕಿ ಉಳಿದಿದ್ದವರು. ಹುಟ್ಟಿನ ಕಾರಣಕ್ಕೇ ಜನರನ್ನು ತುಳಿಯುವುದು ಏನು ಅಂತ ಮೈಮೇಲೆ ಅನುಭವಿಸಿದವರು. ಆಗ ಅವರಿಗೆ 76 ವರ್ಷ. ಬಾಗಿಲಿಗೆ ಅಡ್ಡ ನಿಂತುಕೊಂಡು, ಕಿಟಕಿಯಿಂದ ಹಾರಿ ಹೋಗಿ ಅಂತ ಮಕ್ಕಳಿಗೆ ಹೇಳಿದರು. ಹೆಚ್ಚು ಕಡಿಮೆ ಎಲ್ಲ ಮಕ್ಕಳೂ ಬದುಕಿದರು, ಮೇಷ್ಟ್ರು ಉಳಿಯಲಿಲ್ಲ. ಕೆವಿನ್ ಗ್ರನಾಟಾ ಅನ್ನೋರು ಮೇಲಿನ ಮಹಡಿಯಲ್ಲಿದ್ದರು. ವಿದ್ಯಾರ್ಥಿಗಳನ್ನು ಒಂದು ಕೋಣೆಗೆ ಸೇರಿಸಿ ಬೀಗ ಹಾಕಿಸಿ, ಕೆಳಗೆ ಏನಾಗಿದೆ ನೋಡಿ ಬರ್ತೀನಿ ಅಂತ ಇಳಿದು ಹೋದರು. ವಾಪಸ್ ಬರಲಿಲ್ಲ. ಇವರು ಯಾವ ಊರು, ಯಾವ ಜಾತಿ ಅಂತ ಕೇಳಿ ನೆನೆಯುವ ಕಾಯಿಲೆ ನಮಗೆ ಬೇಡ. ಇವರು ಕಲಿಸಿದವರು, ಅಷ್ಟು ಸಾಕು.

ಆ ವಿಶ್ವವಿದ್ಯಾಲಯ ಇವರನ್ನು ಹೇಗೆ ಇಟ್ಟುಕೊಂಡಿತು ನೋಡಿ. ಅಲ್ಲಿನ ಕಟ್ಟಡಗಳಿಗೆ ಬಳಸುವ ಸ್ಥಳೀಯ ಕಲ್ಲು ಒಂದಿದೆ. ಗೋಡೆ ಕಟ್ಟುವ ಅದೇ ಕಲ್ಲಿನಲ್ಲಿ 32 ಕಲ್ಲು ತಂದು, ಮೈದಾನದ ಅಂಚಿನಲ್ಲಿ ಅರ್ಧ ವೃತ್ತವಾಗಿ ಇಟ್ಟರು. ಒಂದೊಂದು ಕಲ್ಲಿಗೆ ಒಂದೊಂದು ಹೆಸರು. ಪ್ರೊಫೆಸರಿಗೆ ದೊಡ್ಡ ಕಲ್ಲು, ಹೊಸದಾಗಿ ಸೇರಿದ ಹುಡುಗಿಗೆ ಚಿಕ್ಕ ಕಲ್ಲು ಅಂತ ಇಲ್ಲ. ಓದು ಅರ್ಧಕ್ಕೇ ನಿಂತ ಆ 27 ವಿದ್ಯಾರ್ಥಿಗಳಿಗೂ ಪದವಿ ಕೊಟ್ಟರು. ರಕ್ತ ಬಿದ್ದ ಜಾಗದಲ್ಲಿ ಹಿಂಸೆ ತಡೆಯುವ, ಶಾಂತಿ ಕಲಿಸುವ ಕೇಂದ್ರ ತೆರೆದರು. ಆ ದಿನ ಹೆಂಡತಿಯನ್ನು ಕಳೆದುಕೊಂಡ ಪ್ರಾಧ್ಯಾಪಕರೇ ಅದನ್ನು ನಡೆಸಲು ಮುಂದೆ ಬಂದರು.

ಕಲ್ಲಿನ ಮೇಲಿನ ಹೆಸರಿಗೆ ಎಂಥ ಶಕ್ತಿ ಇದೆ ಅಂತ ನಮಗೆ ಗೊತ್ತು. ಭೀಮಾ ಕೋರೆಗಾಂವ್ ಕಂಬದ ಮೇಲೆ ಮಹಾರ್ ಸೈನಿಕರ ಹೆಸರು ಕೆತ್ತಿರದಿದ್ದರೆ, 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಯಾಕೆ ಹೋಗ್ತಿದ್ದರು? ಬರೆದಿಟ್ಟಿದ್ದರಿಂದ ಉಳಿಯಿತು.

ಬಾಬಾಸಾಹೇಬರೂ ಒಂದು ವಿಶ್ವವಿದ್ಯಾಲಯದ ಹಳೆ ವಿದ್ಯಾರ್ಥಿಯೇ. 1952ರ ಜೂನ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡಲು ಅವರನ್ನು ನ್ಯೂಯಾರ್ಕಿಗೆ ಕರೆಸಿತು. ತಮಗೆ ಪಾಠ ಹೇಳಿದ ಜಾನ್ ಡ್ಯೂಯಿ ಮೇಷ್ಟ್ರನ್ನು ನೋಡುವ ಆಸೆ ಅವರಿಗಿತ್ತು. ಜೂನ್ 1ಕ್ಕೆ ಡ್ಯೂಯಿ ತೀರಿಕೊಂಡರು. ಪದವಿ ಪ್ರದಾನ ಇದ್ದದ್ದು ಜೂನ್ 5ಕ್ಕೆ. ತಮ್ಮ ಬುದ್ಧಿಯ ಬದುಕೆಲ್ಲ ಆ ಗುರುವಿನ ಋಣ ಅಂತ ಬಾಬಾಸಾಹೇಬರು ಮನೆಗೆ ಕಾಗದ ಬರೆದರು. ಸಂವಿಧಾನ ಬರೆದ ಮಹಾನುಭಾವ ಕೂಡ ಮೇಷ್ಟ್ರ ಋಣ ಮರೆಯಲಿಲ್ಲ ಕಣ್ರಪ್ಪಾ.

ಇನ್ನೊಂದು ಹೆಸರು ಹೇಳದೆ ನಾನು ಮುಂದಕ್ಕೆ ಹೋಗಲಾರೆ. ರೋಹಿತ್ ವೇಮುಲ. ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ, 2016ರ ಜನವರಿ 17. ವಿಜ್ಞಾನ ಬರೆಯುವ ಲೇಖಕ ಆಗಬೇಕು ಅಂತ ಇದ್ದ ಹುಡುಗ. ನಮ್ಮ ಮಕ್ಕಳ ಹೆಸರು ಕಲ್ಲಿನ ಮೇಲೆ ಬರಲಿ ಅಂತ ನಾವು ಕೇಳ್ತಾ ಇಲ್ಲ. ಅವರು ಬದುಕಿ, ಪದವಿ ಹಿಡಿದು, ಮುದುಕರಾಗಿ ಸಾಯಲಿ ಅಂತ ಕೇಳ್ತಿದ್ದೀವಿ. ಹಾಸ್ಟೆಲಿನಲ್ಲಿ, ಕಾಲೇಜಿನಲ್ಲಿ ಯಾರಾದರೂ ಮನಸ್ಸು ನೋಯಿಸಿದರೆ ಒಬ್ಬರೇ ನುಂಗಿಕೊಂಡು ಕೂರಬೇಡಿ. ಮನೆಗೆ ಹೇಳಿ, ಸಂಘಕ್ಕೆ ಹೇಳಿ. ನಡುರಾತ್ರಿ ಆದರೂ ಫೋನ್ ಮಾಡಿ.

ಈಗ ನಮ್ಮ ಕೇರಿಗೆ ಬರ್ತೀನಿ. ಇಲ್ಲಿ ಮೊದಲು ಸಿವಿಲ್ ಡಿಪ್ಲೊಮಾ ಓದಿದ ಅಣ್ಣ ಒಬ್ಬರಿದ್ದರು. ಊರಿಗೆ ಬಂದಾಗಲೆಲ್ಲ ಜಗಲಿ ಮೇಲೆ ಕೂತು ನಮಗೆ ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿ ಕೊಡೋರು. ತಮಿಳಿನಲ್ಲಿ ಬಂದ ಸರ್ಕಾರಿ ಕಾಗದ ಓದಿ ಕನ್ನಡದಲ್ಲಿ ಬಿಡಿಸಿ ಹೇಳೋರು. ನಾನು ಕಾಲೇಜು ಮೆಟ್ಟಿಲು ಹತ್ತಿದ್ದು ಅವರಿಂದ. ಅವರು ತೀರಿಕೊಂಡರು. ಮಣ್ಣು ಮಾಡಿ ಬಂದೆವು. ವರ್ಷ ಕಳೆದ ಮೇಲೆ ಮನೆ ರಿಪೇರಿ ಅಂತ ಅವರ ಪುಸ್ತಕ, ನೋಟ್ಸು, ಡ್ರಾಯಿಂಗ್ ಹಾಳೆ ಎಲ್ಲ ಹಳೆ ಪೇಪರಿನವನಿಗೆ ತೂಕಕ್ಕೆ ಹೋಯಿತು. ಮೂಟೆ ಕಟ್ಟಿ ಗಾಡಿಗೆ ಎತ್ತಿ ಹಾಕಿದ್ದು ನಾನೇ. ಇವತ್ತಿಗೂ ಆ ಮೂಟೆಯ ಭಾರ ಹೆಗಲ ಮೇಲಿದೆ.

ಅದಕ್ಕೇ ಸಂಘಕ್ಕೆ ಮೂರು ಕೆಲಸ ಹೇಳ್ತೀನಿ. ಒಂದು, ಒಂದು ದಪ್ಪ ನೋಟ್‌ಬುಕ್ ಇಡಿ. ನಮ್ಮಲ್ಲಿ ಓದಿ ತೀರಿಕೊಂಡವರ, ನಮಗೆ ಕಲಿಸಿ ತೀರಿಕೊಂಡ ಮೇಷ್ಟ್ರುಗಳ ಹೆಸರು ಬರೆಯಿರಿ. ಏನು ಓದಿದರು, ಯಾರಿಗೆ ಏನು ಮಾಡಿದರು, ಅದನ್ನೂ ಬರೆಯಿರಿ. ಎರಡು, ಅವರ ಪುಸ್ತಕ ತೂಕಕ್ಕೆ ಹೋಗದ ಹಾಗೆ ಸಂಘದ ಕೋಣೆಯಲ್ಲಿ ಒಂದು ಬೀರು ಇಡಿ. ಮೂರು, ಕಾಲೇಜು ಓದುವವರು ರಜಕ್ಕೆ ಬಂದಾಗ ವಾರಕ್ಕೆ ಒಂದು ಸಂಜೆ ಚಿಕ್ಕವರ ಜೊತೆ ಕೂತು ಲೆಕ್ಕ ಹೇಳಿಕೊಡಿ, ಅರ್ಜಿ ತುಂಬಿಸಿ.

ಆ ಅಣ್ಣನ ಹೆಸರನ್ನು ನಾನು ಬೇಕಂತಲೇ ಹೇಳಲಿಲ್ಲ. ಸಭೆ ಮುಗಿದ ಮೇಲೆ ಎಲ್ಲರೂ ಬನ್ನಿ, ನೋಟ್‌ಬುಕ್ ನಾನು ತಂದಿದ್ದೀನಿ. ಮೊದಲನೇ ಪುಟದಲ್ಲಿ ಅವರ ಹೆಸರನ್ನು ಅವರ ತಾಯಿಯ ಮುಂದೆಯೇ ಬರೆಯೋಣ.

ಜೈ ಭೀಮ್.