ಬಿಸಿಲು, ನೀರು, ಧೂಳು ತಾಳುವ ಕೈಗಡಿಯಾರ: ಆಯ್ಕೆ ಹೇಗೆ?

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಇಂದು ನಾನು ಮಾತನಾಡಲು ಆರಿಸಿಕೊಂಡ ವಿಷಯ ಕೈಗಡಿಯಾರ. ಶಿಕ್ಷಣ ಸಂಘದ ವೇದಿಕೆಯಲ್ಲಿ ವಾಚಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಹತ್ತನೇ ತರಗತಿ ಪಾಸಾದ ಮಕ್ಕಳಿಗೆ ವಾಚು ಕೊಡಿಸುವುದು, ನಿಕಾಹ್‌ನಲ್ಲಿ ಮದುಮಗನ ಕೈಗೆ ವಾಚು ಕಟ್ಟುವುದು ನಮ್ಮಲ್ಲಿ ಬಹಳ ಮನೆಗಳ ರೂಢಿ. ಆ ಹಣ ಬರುವುದು ಕೂಲಿಯಿಂದ, ಗದ್ದೆಯಿಂದ, ಗ್ಯಾರೇಜಿನಿಂದ, ಸಣ್ಣ ಅಂಗಡಿಯಿಂದ. ಹೀಗೆ ಕೂಡಿಟ್ಟ ಹಣದಲ್ಲಿ ತಂದ ವಾಚು ಒಂದು ಮಳೆಗಾಲವನ್ನೂ ದಾಟದೆ ಹೋದರೆ ನಷ್ಟ ಯಾರಿಗೆ? ವಸ್ತುವನ್ನು ಪರೀಕ್ಷಿಸಿ ಕೊಳ್ಳುವುದೂ ಒಂದು ವಿದ್ಯೆಯೇ. ಅದನ್ನು ನಮ್ಮ ಮಕ್ಕಳು ಕಲಿಯಬೇಕು.

ಮೊಬೈಲಿನಲ್ಲೇ ಸಮಯ ಕಾಣುವಾಗ ವಾಚು ಯಾಕೆ ಎಂಬ ಪ್ರಶ್ನೆಯೂ ಇದೆ. ಗದ್ದೆಯಲ್ಲಿ ನಾಟಿ ಹಚ್ಚುವವನ ಕೈ ತುಂಬಾ ಕೆಸರು. ಅವನು ಜೇಬಿನಿಂದ ಫೋನು ತೆಗೆಯಲಾರ. ಗ್ರೀಸು ಮೆತ್ತಿದ ಕೈಯ ಮೆಕ್ಯಾನಿಕ್ ತೆಗೆಯಲಾರ. ಮಸೀದಿಯೊಳಗೆ ಫೋನು ಬಂದ್ ಮಾಡಿಡುತ್ತೇವೆ. ಶಾಲೆಗೆ ಮಕ್ಕಳು ತರುವಂತಿಲ್ಲ. ಹೊರಗೆ ದುಡಿಯುವವರಿಗೆ ಮತ್ತು ಓದುವವರಿಗೆ ಕೈಯ ಮೇಲಿನ ಗಡಿಯಾರ ಇಂದಿಗೂ ಬೇಕು.

ನಮ್ಮ ದೀನ್ ಮತ್ತು ಸಮಯ

ಪವಿತ್ರ ಕುರ್‌ಆನಿನಲ್ಲಿ ಕಾಲದ ಹೆಸರಿನಲ್ಲೇ ಒಂದು ಸೂರಾ ಇದೆ, ಸೂರಾ ಅಲ್‌ಅಸ್ರ್. ಐದು ಹೊತ್ತಿನ ನಮಾಜಿಗೂ ಗೊತ್ತುಪಡಿಸಿದ ಸಮಯವಿದೆ. ಆದ್ದರಿಂದಲೇ ಮುಸ್ಲಿಮರು ಕಾಲಗಣನೆಯನ್ನು ಒಂದು ಶಾಸ್ತ್ರವಾಗಿ ಬೆಳೆಸಿದರು. ದೊಡ್ಡ ಮಸೀದಿಗಳಲ್ಲಿ ಸಮಯ ಲೆಕ್ಕ ಹಾಕಲೆಂದೇ 'ಮುವಕ್ಕಿತ್' ಎಂಬ ವಿದ್ವಾಂಸರು ಇರುತ್ತಿದ್ದರು. ದಮಾಸ್ಕಸ್ಸಿನ ಉಮಯ್ಯದ್ ಮಸೀದಿಯಲ್ಲಿ ಈ ಕೆಲಸದಲ್ಲಿದ್ದ ಖಗೋಳಜ್ಞ ಇಬ್ನ್ ಅಲ್‌ಶಾತಿರ್ 1371ರಲ್ಲಿ ಆ ಮಸೀದಿಗಾಗಿ ದೊಡ್ಡದೊಂದು ನೆರಳು ಗಡಿಯಾರ ರಚಿಸಿದರು. 'ವಕ್ತ್ ಕೀ ಪಾಬಂದಿ' ಎಂದು ಉರ್ದು ತರಗತಿಯಲ್ಲಿ ಪ್ರಬಂಧ ಬರೆಸುತ್ತೇವಲ್ಲ, ಅದರ ಹಿಂದೆ ಇಷ್ಟು ದೊಡ್ಡ ಪರಂಪರೆ ಇದೆ.

ನಮ್ಮ ರಾಜ್ಯದ ವಾಚು

ಗಟ್ಟಿ ವಾಚು ಎಂದೊಡನೆ ಹಿರಿಯರಿಗೆ ನೆನಪಾಗುವುದು ಎಚ್.ಎಂ.ಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಇದರ ವಾಚು ಕಾರ್ಖಾನೆ ಆರಂಭವಾಯಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಜವಾನ್ ಮುಂತಾದ ಹೆಸರುಗಳು ಮನೆಮಾತಾಗಿದ್ದವು. ಇವೆಲ್ಲ ದಿನಕ್ಕೊಮ್ಮೆ ಕೀ ಕೊಡುವ, 17 ಜ್ಯುವೆಲ್ ಇರುವ ವಾಚುಗಳು. ಡಯಲ್ ಮೇಲೆ 'ಪ್ಯಾರಾಶಾಕ್' ಎಂದು ಬರೆದಿದ್ದರೆ, ಪೆಟ್ಟು ಬಿದ್ದಾಗ ಒಳಗಿನ ಚಕ್ರದ ಸೂಕ್ಷ್ಮ ತುದಿ ಮುರಿಯದಂತೆ ಸ್ಪ್ರಿಂಗಿನ ರಕ್ಷಣೆ ಇದೆ ಎಂದು ಅರ್ಥ. ಆ ವಾಚುಗಳು ಬಹಳ ವರ್ಷ ಬಾಳಿದ್ದಕ್ಕೆ ಮುಖ್ಯ ಕಾರಣ ಬೇರೆಯೇ ಇದೆ. ಯಾವ ಊರಿನಲ್ಲಾದರೂ ಅದನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಮತ್ತೆ ಜೋಡಿಸುವವರು ಇದ್ದರು, ಬಿಡಿಭಾಗಗಳೂ ಸಿಗುತ್ತಿದ್ದವು.

2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಈಗ ಅದರ ನೆನಪಿಗೆ ಬೆಂಗಳೂರಿನ ಜಾಲಹಳ್ಳಿಯಲ್ಲಿ ವಸ್ತುಸಂಗ್ರಹಾಲಯವಿದೆ. ಹಳೆಯ ಎಚ್.ಎಂ.ಟಿ. ಎಂದು ಇಂದು ಮಾರಾಟಕ್ಕೆ ಬರುವ ಎಷ್ಟೋ ವಾಚುಗಳ ಡಯಲಿಗೆ ಹೊಸದಾಗಿ ಬಣ್ಣ ಬಳಿದಿರುತ್ತಾರೆ. ಒಳಗೆ ಬೇರೆ ಬೇರೆ ವಾಚುಗಳ ಭಾಗ ಸೇರಿರುತ್ತದೆ. ಮನೆಯಲ್ಲಿ ಅಜ್ಜನ ವಾಚು ಇದ್ದರೆ ಜೋಪಾನ ಮಾಡಿ. ಗದ್ದೆಗೆ, ಗಣಿಗೆ ಅದನ್ನು ಕಟ್ಟಿಕೊಂಡು ಹೋಗಬೇಡಿ.

ನಾಲ್ಕು ಶತ್ರುಗಳು

ಹೊರಗೆ ಕಟ್ಟುವ ವಾಚಿಗೆ ನಮ್ಮ ಸೀಮೆಯಲ್ಲಿ ನಾಲ್ಕು ಶತ್ರುಗಳಿವೆ: ನೀರು, ಧೂಳು, ಪೆಟ್ಟು, ಬಿಸಿಲು.

ಮೊದಲು ನೀರು. ತುಂಗಭದ್ರಾ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಸೇತುವೆಯೇ ಮುಳುಗುವ ಊರು ನಮ್ಮದು. ಆದರೆ ವಾಚಿಗೆ ಹೊಳೆಗಿಂತ ಹೆಚ್ಚಾಗಿ ನೀರು ಸೋಕುವುದು ವುಜೂ ಸಮಯದಲ್ಲಿ. ದಿನಕ್ಕೆ ಐದು ಸಲವೆಂದರೆ ವರ್ಷಕ್ಕೆ 1,825 ಸಲ. ಬೇರೆಯವರಿಗೆ ಮಳೆಗಾಲದ ಚಿಂತೆಯಾದರೆ ನಮಾಜಿಗೆ ಹೋಗುವವನಿಗೆ ಅದು ದಿನನಿತ್ಯದ ಚಿಂತೆ.

ವಾಚಿನ ಹಿಂದೆ '30 ಮೀಟರ್' ಎಂದು ಬರೆದಿದ್ದರೆ 30 ಮೀಟರ್ ಆಳಕ್ಕೆ ಮುಳುಗಬಹುದು ಎಂದು ಅನೇಕರು ತಿಳಿಯುತ್ತಾರೆ. ಇದು ತಪ್ಪು. ಆ ಸಂಖ್ಯೆ ಪ್ರಯೋಗಾಲಯದಲ್ಲಿ, ಅಲುಗಾಡದ ನೀರಿನ ಒತ್ತಡದಲ್ಲಿ ಹೊಸ ವಾಚನ್ನು ಪರೀಕ್ಷಿಸಿದ ಲೆಕ್ಕ. ವ್ಯವಹಾರದಲ್ಲಿ ಹೀಗೆ ತಿಳಿಯಿರಿ: 30 ಮೀಟರ್ ಎಂದರೆ ಮಳೆಹನಿ, ಕೈ ತೊಳೆಯುವಾಗಿನ ಸಿಡಿತ. 50 ಮೀಟರ್ ಎಂದರೆ ಅದಕ್ಕಿಂತ ಸ್ವಲ್ಪ ಧೈರ್ಯ. 100 ಮೀಟರ್ ಇದ್ದರೆ ಈಜಬಹುದು, ಕಾಲುವೆಯಲ್ಲಿ ಇಳಿಯಬಹುದು. ಕೆಲವು ವಾಚುಗಳಲ್ಲಿ ಮೀಟರ್ ಬದಲು ಬಾರ್ ಅಥವಾ ಎಟಿಎಂ ಎಂದು ಇರುತ್ತದೆ. 10 ಬಾರ್ ಎಂದರೆ 100 ಮೀಟರ್.

ಎರಡನೆಯದು ಧೂಳು. ಸಂಡೂರಿನ ಗಣಿ ರಸ್ತೆಯಲ್ಲಿ ಓಡಾಡುವವರಿಗೆ ಕೆಂಪು ಧೂಳಿನ ಬಗ್ಗೆ ಹೇಳಬೇಕಾಗಿಲ್ಲ. ಆ ನುಣುಪು ಧೂಳು ಬೆವರಿನೊಂದಿಗೆ ಸೇರಿ ಕೀ ಪಕ್ಕದಲ್ಲಿ, ಬಟನ್ ಸಂದಿಯಲ್ಲಿ, ಚೈನಿನ ಕೊಂಡಿಗಳಲ್ಲಿ ಗಟ್ಟಿಯಾಗಿ ಕೂಡುತ್ತದೆ. ಹೊಳೆಯ ಮರಳಿನದು ಇನ್ನೊಂದು ಕಾಟ. ವಿಜ್ಞಾನದ ಪಾಠದಲ್ಲಿ ಮೋಸ್ ಗಡಸುತನದ ಅಳತೆ ಓದಿದ್ದೀರಿ. ಮರಳಿನಲ್ಲಿರುವ ಕ್ವಾರ್ಟ್ಜ್ ಗಡಸುತನ 7. ಸಾಮಾನ್ಯ ಗಾಜಿನದು ಸುಮಾರು ಐದೂವರೆ. ಆದ್ದರಿಂದ ಮರಳು ಗಾಜನ್ನು ಗೀರುತ್ತದೆ. ಸಫೈರ್ ಗ್ಲಾಸಿನ ಗಡಸುತನ 9. ಅದಕ್ಕೆ ಮರಳಿನಿಂದ ಗೀರು ಬೀಳುವುದಿಲ್ಲ, ಆದರೆ ಬೆಲೆ ಹೆಚ್ಚು, ಕಲ್ಲಿಗೆ ಬಲವಾಗಿ ಬಡಿದರೆ ಒಡೆಯಬಹುದು. ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ಗ್ಲಾಸಿಗೆ ಬೇಗ ಗೀರು ಬೀಳುತ್ತದೆ, ಆದರೆ ಸುಲಭವಾಗಿ ಒಡೆಯುವುದಿಲ್ಲ, ಉಜ್ಜಿದರೆ ಸಣ್ಣ ಗೀರು ಹೋಗುತ್ತದೆ.

ಮೂರನೆಯದು ಪೆಟ್ಟು. ಜಪಾನಿನ ಕ್ಯಾಸಿಯೋ ಕಂಪನಿಯ ಇಂಜಿನಿಯರ್ ಕಿಕುಓ ಇಬೆ, ತಂದೆ ಕೊಟ್ಟಿದ್ದ ವಾಚು ಬಿದ್ದು ಒಡೆದ ಮೇಲೆ, ಬಿದ್ದರೂ ಒಡೆಯದ ವಾಚು ಮಾಡಬೇಕೆಂದು ಹೊರಟರು. ಸುಮಾರು 200 ಮಾದರಿಗಳನ್ನು ಬೀಳಿಸಿ ನೋಡಿದ ನಂತರ 1983ರಲ್ಲಿ ಜಿ-ಶಾಕ್ ಹೊರಬಂತು. ಪುಟಿಯುವ ಚೆಂಡಿನ ನಡುಭಾಗಕ್ಕೆ ಪೆಟ್ಟು ತಲುಪುವುದಿಲ್ಲ ಎಂಬುದನ್ನು ಗಮನಿಸಿ, ಒಳಗಿನ ಯಂತ್ರವನ್ನು ಕೆಲವೇ ಬಿಂದುಗಳಲ್ಲಿ ಆಧರಿಸಿ ತೇಲುವಂತೆ ಕೂರಿಸಿದರು. ಹೊರ ಅಂಚನ್ನು ಗ್ಲಾಸಿಗಿಂತ ಎತ್ತರ ಮಾಡಿದರು. ವಿದ್ಯಾರ್ಥಿಗಳೇ, 200 ಸಲ ಸೋತು ಗೆದ್ದ ಈ ಮಾತನ್ನು ಪರೀಕ್ಷೆಯಲ್ಲೂ ನೆನಪಿಡಿ. ವಾಚು ಕೊಳ್ಳುವವರು ನೆನಪಿಡಬೇಕಾದದ್ದು ಇಷ್ಟು: ಯಾವ ಕಂಪನಿಯದಾದರೂ ಗ್ಲಾಸು ಅಂಚಿಗಿಂತ ಒಳಗೆ ಕೂತಿರಲಿ. ಉಬ್ಬಿದ ಗ್ಲಾಸು ಹಂಪಿಯ ಬಂಡೆಗೆ ಮೊದಲು ತಾಗುತ್ತದೆ.

ನಾಲ್ಕನೆಯದು ಬಿಸಿಲು. ನಮ್ಮಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಕೈಯ ಮೇಲಿರುವ ವಾಚಿಗೆ ಅದರಿಂದ ಅಷ್ಟು ತೊಂದರೆಯಿಲ್ಲ. ಟ್ರ್ಯಾಕ್ಟರ್ ಬಾನೆಟ್ ಮೇಲೆ, ಲಾರಿಯ ಗ್ಲಾಸಿನ ಹಿಂದೆ ಬಿಚ್ಚಿಟ್ಟರೆ ತೊಂದರೆ. ಡಿಜಿಟಲ್ ಪರದೆ ಕಪ್ಪಾಗುತ್ತದೆ; ತಣ್ಣಗಾದ ಮೇಲೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ನೀರು ತಡೆಯುವ ಒಳಗಿನ ರಬ್ಬರ್ ರಿಂಗು ಬಿಸಿಗೆ ಬೇಗ ಮುದುಡುತ್ತದೆ.

ಬೆನ್ನು ಓದಿ ಕೊಳ್ಳಿ

ಅಂಗಡಿಯಲ್ಲಿ ಎಲ್ಲರೂ ವಾಚಿನ ಮುಖ ನೋಡುತ್ತಾರೆ. ನೀವು ತಿರುಗಿಸಿ ಬೆನ್ನು ಓದಿ. 'ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್' ಎಂದು ಇಂಗ್ಲಿಷಿನಲ್ಲಿ ಬರೆದಿದ್ದರೆ ಇಡೀ ವಾಚು ಸ್ಟೀಲು ಎಂದುಕೊಳ್ಳಬೇಡಿ. ಹಿಂದಿನ ಮುಚ್ಚಳ ಮಾತ್ರ ಸ್ಟೀಲು. ಉಳಿದದ್ದು ಸಾಮಾನ್ಯವಾಗಿ ಹಿತ್ತಾಳೆಯಂಥ ಲೋಹಕ್ಕೆ ಲೇಪನ ಕೊಟ್ಟದ್ದು. ನಮ್ಮ ಬೆವರಿಗೆ ಆ ಲೇಪನ ಎದ್ದುಹೋಗುತ್ತದೆ. 'ಆಲ್ ಸ್ಟೇನ್‌ಲೆಸ್ ಸ್ಟೀಲ್' ಎಂದಿದ್ದರೆ ಪೂರ್ತಿ ಸ್ಟೀಲು.

ಒಳಗಿನ ಯಂತ್ರ ಯಾವುದಿರಬೇಕು? ಸೆಲ್ಲಿನ ವಾಚಿನಲ್ಲಿ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸಿ ಸಮಯ ಅಳೆಯುತ್ತದೆ. ತಿಂಗಳಿಗೆ ಹತ್ತಿಪ್ಪತ್ತು ಸೆಕೆಂಡಿನ ವ್ಯತ್ಯಾಸ ಬಂದರೆ ಹೆಚ್ಚು. ಕೀ ಕೊಡುವ ವಾಚಿನಲ್ಲಿ ಅಷ್ಟು ವ್ಯತ್ಯಾಸ ಒಂದೇ ದಿನದಲ್ಲಿ ಬರಬಹುದು. ಟಿಲ್ಲರ್ ಓಡಿಸುವವರು, ಕಲ್ಲು ಕೊರೆಯುವವರು ಕೀ ವಾಚು ಕಟ್ಟದಿರುವುದೇ ಒಳ್ಳೆಯದು. ಸತತ ಅದುರುವಿಕೆ ಅದಕ್ಕೆ ಆಗದು. ಮೋಟಾರ್ ರಿಪೇರಿ ಮಾಡುವವರಿಗೆ ಮುಳ್ಳಿಲ್ಲದ ಡಿಜಿಟಲ್ ಉತ್ತಮ, ಏಕೆಂದರೆ ಬಲವಾದ ಅಯಸ್ಕಾಂತದ ಹತ್ತಿರ ಮುಳ್ಳಿನ ವಾಚು ನಿಂತುಬಿಡುತ್ತದೆ.

1989ರಲ್ಲಿ ಬಂದ ಕ್ಯಾಸಿಯೋ ಎಫ್-91ಡಬ್ಲ್ಯು ಇಂದಿಗೂ ಮಾರಾಟದಲ್ಲಿದೆ. ಒಂದು ಸೆಲ್ಲು ಸುಮಾರು ಏಳು ವರ್ಷ ಬರುತ್ತದೆ ಎಂದು ಕಂಪನಿ ಹೇಳುತ್ತದೆ. ಹಗುರ, ಸರಳ, ವಿದ್ಯಾರ್ಥಿಗೆ ಸಾಕು, ಈಜಲು ಆಗದು. ನೀರಿನಲ್ಲಿ ಕೆಲಸವಿರುವವರು ಅದೇ ಕಂಪನಿಯ ಡಬ್ಲ್ಯು-800ಎಚ್ ಮಾದರಿಯಂಥದ್ದನ್ನು ನೋಡಬಹುದು. ಅದಕ್ಕೆ 100 ಮೀಟರ್ ಗುರುತು ಇದೆ, ಸೆಲ್ಲು ಸುಮಾರು ಹತ್ತು ವರ್ಷದ್ದು. ನಮ್ಮ ಗಡಿಯಾಚೆಯ ಹೊಸೂರಿನಲ್ಲಿ ಕಾರ್ಖಾನೆ ಇರುವ ಟೈಟಾನ್ ಕಂಪನಿಯ ವಾಚುಗಳಿಗೆ ಸೆಲ್ಲು, ಬೆಲ್ಟು, ರಿಪೇರಿ ಹತ್ತಿರದ ಪಟ್ಟಣಗಳಲ್ಲೇ ಸಿಗುವುದು ದೊಡ್ಡ ಅನುಕೂಲ. ಸ್ಮಾರ್ಟ್ ವಾಚಿಗೆ ದಿನ ಬಿಟ್ಟು ದಿನವೋ, ವಾರಕ್ಕೊಮ್ಮೆಯೋ ಚಾರ್ಜು ಬೇಕು. ಅದರ ಬ್ಯಾಟರಿ ಸತ್ತರೆ ಬದಲಿಸುವುದು ಕಷ್ಟ. ಪರೀಕ್ಷಾ ಕೊಠಡಿಗೆ ಅದನ್ನು ಬಿಡುವುದಿಲ್ಲ. ನೀಟ್ ಪರೀಕ್ಷೆಯಲ್ಲಂತೂ ಸಾದಾ ವಾಚಿಗೂ ಅನುಮತಿಯಿಲ್ಲ. ಪ್ರವೇಶಪತ್ರದ ಸೂಚನೆ ಓದಿಕೊಂಡೇ ಹೋಗಿ.

ವುಜೂ, ಬೆಲ್ಟು ಮತ್ತು ಜೋಪಾನ

ವುಜೂವಿನಲ್ಲಿ ಮೊಣಕೈವರೆಗೆ ಎಲ್ಲ ಕಡೆ ನೀರು ತಲುಪಬೇಕು. ಬಿಗಿಯಾದ ವಾಚಿನ ಕೆಳಗೆ ಚರ್ಮ ಒಣಗಿಯೇ ಉಳಿಯುತ್ತದೆ. ಆದ್ದರಿಂದ ವಾಚು ಎಷ್ಟೇ ವಾಟರ್‌ಪ್ರೂಫ್ ಆಗಿರಲಿ, ಬಿಚ್ಚಬೇಕು, ಇಲ್ಲವೆ ಸರಿಸಿ ನೀರು ತಲುಪಿಸಬೇಕು. ಬಿಚ್ಚಿದ್ದನ್ನು ಹೌಜಿನ ಕಟ್ಟೆಯ ಮೇಲಿಡಬೇಡಿ, ಜೇಬಿಗೆ ಹಾಕಿ. ಕಟ್ಟೆಯ ಮೇಲೆ ಮರೆತು ಹೋಗುವ ವಾಚುಗಳಿಗೆ ಲೆಕ್ಕವಿಲ್ಲ.

ಚರ್ಮದ ಬೆಲ್ಟು ನೀರಿಗೆ, ಬೆವರಿಗೆ ಬೇಗ ಕೊಳೆತು ವಾಸನೆ ಬರುತ್ತದೆ. ಹೊರಗಿನ ಕೆಲಸಕ್ಕೆ ರಬ್ಬರ್ ಅಥವಾ ನೈಲಾನ್ ಒಳ್ಳೆಯದು. ಇಡೀ ವಾಚಿನ ಕೆಳಗೆ ಹಾದುಹೋಗುವ ಒಂದೇ ತುಂಡಿನ ನೈಲಾನ್ ಬೆಲ್ಟು ಇದ್ದರೆ, ಒಂದು ಪಿನ್ನು ಮುರಿದರೂ ವಾಚು ಕೆಳಗೆ ಬೀಳುವುದಿಲ್ಲ. ಮದುವೆಗೆ ವಾಚು ಕೊಡುವವರಿಗೆ ಒಂದು ಮಾತು: ಪುರುಷರಿಗೆ ಚಿನ್ನ ನಿಷಿದ್ಧ. ಚಿನ್ನದ ಲೇಪನದ ಬಗ್ಗೆ ಉಲಮಾಗಳನ್ನು ಕೇಳಿಕೊಳ್ಳಿ. ಸ್ಟೀಲಿನ ವಾಚು ಕೊಟ್ಟರೆ ಆ ಪ್ರಶ್ನೆಯೇ ಬರುವುದಿಲ್ಲ, ಬಾಳಿಕೆಯೂ ಹೆಚ್ಚು.

ಜೋಪಾನದ ಮಾತು ಇಷ್ಟೇ. ನೀರಿನೊಳಗೆ ಬಟನ್ ಒತ್ತಬೇಡಿ, ಕೀ ಎಳೆಯಬೇಡಿ. ವಾಚು ಕಟ್ಟಿಕೊಂಡು ಬಿಸಿನೀರು ಸ್ನಾನ ಮಾಡಬೇಡಿ. ಗೊಬ್ಬರ, ಔಷಧಿ ಸೋಕಿದ ದಿನ ಒದ್ದೆ ಬಟ್ಟೆಯಿಂದ ಒರೆಸಿ. ಸತ್ತ ಸೆಲ್ಲನ್ನು ಒಳಗೇ ಬಿಡಬೇಡಿ. ಸೋರಿ ಯಂತ್ರ ಹಾಳುಮಾಡುತ್ತದೆ. ಸೆಲ್ಲು ಹಾಕಿಸುವಾಗ ರಬ್ಬರ್ ರಿಂಗು ಸರಿಯಾಗಿ ಕೂತಿದೆಯೇ ಎಂದು ಕೇಳಿ, ಹಳೆಯದಾಗಿದ್ದರೆ ಬದಲಿಸಿ. ನೀರು ತಡೆಯುವುದು ಡಯಲಿನ ಹೆಸರಲ್ಲ, ಆ ಸಣ್ಣ ರಿಂಗು.

ನಕಲಿಯ ಮಾತು

ದೊಡ್ಡ ಕಂಪನಿಯ ಹೆಸರು ಹಾಕಿದ ನಕಲಿ ವಾಚುಗಳು ಜಾತ್ರೆ, ಉರುಸುಗಳಲ್ಲಿ ರಾಶಿ ಬೀಳುತ್ತವೆ. ಅದು ನಕಲಿ ಎಂದು ತಿಳಿದೇ ಕೊಂಡು, ಅಸಲಿ ಎಂದು ತೋರಿಸಿಕೊಳ್ಳುವ ಹುಡುಗರೂ ಇದ್ದಾರೆ. ವ್ಯಾಪಾರದಲ್ಲಿ ಮೋಸವನ್ನು ಇಸ್ಲಾಂ ಒಪ್ಪುವುದಿಲ್ಲ. ಮೋಸದ ಹೆಸರನ್ನು ಕೈಗೆ ಕಟ್ಟಿಕೊಂಡು ಸಫ್‌ನಲ್ಲಿ ನಿಲ್ಲುವುದು ನಮಗೆ ಶೋಭೆಯೇ? ಸಣ್ಣ ಕಂಪನಿಯ ಅಸಲಿ ವಾಚು, ಬಿಲ್ಲು ಮತ್ತು ಗ್ಯಾರಂಟಿ ಕಾರ್ಡಿನೊಂದಿಗೆ ಕೊಳ್ಳಿ. ಅದರಲ್ಲಿ ಅವಮಾನವೇನೂ ಇಲ್ಲ.

ಕೊನೆಯದಾಗಿ ಒಂದು ವಿನಂತಿ. ವಾಚು ರಿಪೇರಿ ಮಾಡುವ ಹಿರಿಯ ಕೈಗಳು ಎಲ್ಲ ಊರುಗಳಲ್ಲೂ ಕಡಿಮೆಯಾಗುತ್ತಿವೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ ಆ ಉಸ್ತಾದರ ಬಳಿ ಸೆಲ್ಲು ಹಾಕಿಸಿ, ಬೆಲ್ಟು ಬದಲಿಸಿ, ನಾಲ್ಕು ಪ್ರಶ್ನೆ ಕೇಳಿ. ಆಸಕ್ತಿ ಇರುವ ಹುಡುಗ ಹುಡುಗಿಯರು ರಜೆಯಲ್ಲಿ ಆ ಕೆಲಸ ಕಲಿಯಿರಿ. ಬಿಚ್ಚಿ ಜೋಡಿಸುವವರು ಊರಿನಲ್ಲಿದ್ದರೆ ಮಾತ್ರ ಗಟ್ಟಿ ವಾಚು ಗಟ್ಟಿಯಾಗಿ ಉಳಿಯುತ್ತದೆ. ಅವರು ಹೋದರೆ ಎಷ್ಟು ಒಳ್ಳೆಯ ವಾಚೂ ಒಂದು ಸೆಲ್ಲಿನ ಆಯುಷ್ಯದ್ದೇ ಆಗುತ್ತದೆ.

ನಿಮ್ಮ ಕೆಲಸ ಯಾವುದು, ಅಲ್ಲಿ ವಾಚಿನ ಶತ್ರು ಯಾವುದು ಎಂದು ಮೊದಲು ಯೋಚಿಸಿ, ಬೆನ್ನು ಓದಿ, ಹತ್ತಿರದಲ್ಲಿ ರಿಪೇರಿ ಆಗುತ್ತದೆಯೇ ಕೇಳಿ, ಆಮೇಲೆ ಹಣ ಕೊಡಿ. ವಾಚು ಗಟ್ಟಿಯಾಗಿದ್ದು ಅದನ್ನು ಕಟ್ಟಿದವನು ತಡವಾಗಿ ಬಂದರೆ ಪ್ರಯೋಜನವಿಲ್ಲ. ಅಲ್ಲಾಹನು ನಮ್ಮೆಲ್ಲರ ಸಮಯದಲ್ಲಿ ಬರಕತ್ ನೀಡಲಿ. ನನ್ನ ಮಾತಿಗೂ ಸಮಯ ಮುಗಿಯಿತು.