ಮಡಕೆ ಚೂರು ಹೇಳಿದ ಊರ ಕಥೆ



ನಾವು ಇಲ್ಲಿ ಓದುವಾಗ ಗ್ರೀಸ್ ಎಂದರೆ ಅಥೆನ್ಸ್, ಸ್ಪಾರ್ಟ, ಅಲೆಕ್ಸಾಂಡರ್. ಅಷ್ಟು ಬರೆದರೆ ಅಂಕ ಬರುತ್ತಿತ್ತು. ಆದರೆ ಆ ದೇಶದಲ್ಲೂ ಹೆಚ್ಚಿನವರು ಮಣ್ಣು ನಂಬಿ ಬದುಕಿದವರೇ. ಅಂಥವರ ಒಂದು ಹಳ್ಳಿಯ ವಿಷಯ ಹೇಳುತ್ತೇನೆ. ಹೆಸರು ಅಸ್ಕ್ರ. ಬಿಯೋಷಿಯ ಎಂಬ ಸೀಮೆಯಲ್ಲಿ, ಹೆಲಿಕಾನ್ ಬೆಟ್ಟದ ಮಗ್ಗುಲಲ್ಲಿತ್ತು.

ಕ್ರಿ.ಪೂ. 700ರ ಸುಮಾರಿಗೆ ಅಲ್ಲಿ ಹೆಸಿಯಡ್ ಎಂಬ ಕವಿ ಬೇಸಾಯ ಮಾಡಿಕೊಂಡಿದ್ದ. ಅವನ ತಂದೆ ಬಡತನ ತಾಳಲಾರದೆ ಸಮುದ್ರದಾಚೆಯಿಂದ ಬಂದು ನೆಲೆಸಿದವನು. ಆಸ್ತಿ ಪಾಲಾದಾಗ ಸೋದರ ಪರ್ಸೆಸ್ ಹೆಚ್ಚು ಹೊಡೆದುಕೊಂಡ, ನ್ಯಾಯ ಹೇಳಬೇಕಾದ ದೊಡ್ಡವರು ಲಂಚ ತಿಂದರು ಎಂಬುದು ಕವಿಯ ದೂರು. (ಇಷ್ಟು ಭಾಗವನ್ನು ನಾನು ವಿವರಿಸಬೇಕಾಗಿಲ್ಲ ಅಂದುಕೊಳ್ಳುತ್ತೇನೆ!) ಆ ಸೋದರನಿಗೆ ಬುದ್ಧಿ ಹೇಳುತ್ತಲೇ ಅವನು ಬೇಸಾಯದ ಕಾವ್ಯ ಕಟ್ಟಿದ. ಕೃತ್ತಿಕೆ ಬೆಳಗಿನ ಜಾವ ಮೂಡಿದಾಗ ಕೊಯ್ಲು, ಮುಳುಗುವಾಗ ಉಳುಮೆ ಎಂದು ಲೆಕ್ಕ ಕೊಟ್ಟ. ನಮ್ಮ ಹಿರಿಯರು ಮಳೆಗೆ ಹೆಸರಿಟ್ಟ ಅದೇ ಕೃತ್ತಿಕೆ. ತನ್ನೂರನ್ನು ಮಾತ್ರ ಹೊಗಳಲಿಲ್ಲ. ಅಲ್ಲಿಯ ಚಳಿಯನ್ನೂ ಬೈದ, ಸೆಕೆಯನ್ನೂ ಬೈದ.

ಮುಂದೆ ಪಕ್ಕದ ಥೆಸ್ಪಿಯೆ ಪಟ್ಟಣದವರು ಅಸ್ಕ್ರವನ್ನು ಹಾಳುಗೆಡವಿದರು, ಉಳಿದವರು ಆರ್ಕೊಮೆನೋಸ್ ಸೇರಿದರು ಎಂದು ಪ್ಲುಟಾರ್ಕ್ ಹೇಳಿದ್ದಾನೆ. ಕ್ರಿ.ಶ. 2ನೆಯ ಶತಮಾನದಲ್ಲಿ ಬಂದ ಪ್ರವಾಸಿ ಪೌಸೇನಿಯಸ್‌ಗೆ ಹೇಳಿಕೊಳ್ಳುವಂತೆ ಕಂಡದ್ದು ಒಂದು ಗೋಪುರ ಮಾತ್ರ. ಪುಸ್ತಕದವರಿಗೆ ಊರು ಅಲ್ಲಿಗೆ ಮುಗಿಯಿತು.

1979ರಲ್ಲಿ ಜಾನ್ ಬಿಂಟ್ಲಿಫ್, ಆಂಟನಿ ಸ್ನಾಡ್‌ಗ್ರಾಸ್ ಎಂಬ ಇಬ್ಬರು ವಿದ್ವಾಂಸರು ಆ ಸೀಮೆಗೆ ಬಂದರು. ಗುದ್ದಲಿ ಹಿಡಿಯಲಿಲ್ಲ. ತಮ್ಮ ತಂಡವನ್ನು ಸಾಲಾಗಿ ನಿಲ್ಲಿಸಿ, ಹೊಲದಿಂದ ಹೊಲಕ್ಕೆ ನಡೆಸಿ, ಕಾಲಡಿಯ ಮಡಕೆ ಚೂರುಗಳನ್ನು ಎಣಿಸಿದರು. ಕುಂಟೆಬಿಲ್ಲೆ ಆಡಲು ನಾವು ಆರಿಸುತ್ತಿದ್ದೆವಲ್ಲ, ಅಂಥವೇ ಚೂರುಗಳು. ದಟ್ಟವಾಗಿ ಬಿದ್ದಲ್ಲಿ ಊರಿತ್ತು. ಚೂರಿನ ಆಕಾರ, ಬಣ್ಣ, ಮೆರುಗು ನೋಡಿ ಕಾಲ ಹೇಳಬಹುದು.

ಅವರನ್ನು ಕಾಡಿದ್ದು ಬೇರೆ. ಮನೆಗಳೇ ಇರದ ದೂರದ ಹೊಲಗಳಲ್ಲೂ ಚೂರುಗಳು ತೆಳ್ಳಗೆ ಹರಡಿದ್ದವು. ಹೇಗೆ ಬಂದವು? ಒಡೆದ ಮಡಕೆ ತಿಪ್ಪೆಗೆ ಹೋಗಿದೆ, ತಿಪ್ಪೆ ಗೊಬ್ಬರವಾಗಿ ಹೊಲಕ್ಕೆ ಹೋಗಿದೆ ಎಂದು ಅವರು ವಾದಿಸಿದರು. ಎಲ್ಲ ವಿದ್ವಾಂಸರೂ ಒಪ್ಪಲಿಲ್ಲ. ಗಾಡಿಯಲ್ಲಿ ಗೊಬ್ಬರ ಹೊಡೆದ ನಮ್ಮಪ್ಪನಿಗೆ ಹೇಳಿದ್ದರೆ, ಇದಕ್ಕೆ ಇಷ್ಟು ಚರ್ಚೆಯೇ ಎನ್ನುತ್ತಿದ್ದರೇನೋ.

ಅಸ್ಕ್ರದ ಚೂರುಗಳು ಇನ್ನೊಂದು ವಿಷಯವನ್ನೂ ತಿಳಿಸಿದವು. ಪೌಸೇನಿಯಸ್ ನೋಡಿಹೋದ ಎಷ್ಟೋ ವರ್ಷಗಳ ಮೇಲೆ, ರೋಮನ್ ಆಳ್ವಿಕೆಯ ಕೊನೆಯ ಶತಮಾನಗಳಲ್ಲಿ, ಆ ಹಾಳೂರಿನಲ್ಲಿ ಮತ್ತೆ ಒಲೆ ಉರಿದಿದೆ. ಬಂದವರ ಒಬ್ಬರ ಹೆಸರೂ ನಮಗೆ ಸಿಕ್ಕಿಲ್ಲ. ಅವರು ಒಡೆದ ಪಾತ್ರೆಗಳು ಮಾತ್ರ ಸಿಕ್ಕಿವೆ.